ಎದೆಹಾಲು ಮತ್ತು ಹೆರಿಗೆಗಳ ಅಂತರ

"ಮಗು ಹಾಲು ಕುಡಿಯುವವರೆಗೆ ಬಸಿರು ನಿಲ್ಲುವುದಿಲ್ಲ" ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿದೆ. ಇದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಅರಿಯದೆ ನೆಚ್ಚಿಕೊಂಡರೆ, ಕೈಗೂಸು ನಡೆಯಲು ಕಲಿಯುವ ಮೊದಲೇ ತಾಯಿ ಮತ್ತೆ ಗರ್ಭಿಣಿಯಾಗುವ ಸಂಭವವುಂಟು. ನಾಟಿ ಹಾಗೂ ಕಳೆ ತೆಗೆಯುವ ಕೆಲಸ ಬಹುಮಟ್ಟಿಗೆ ಹೆಣ್ಣುಮಕ್ಕಳ ಮೇಲೆಯೇ ಬೀಳುವುದರಿಂದ ರೈತ ಕುಟುಂಬಗಳು ಈ ವಿಷಯವನ್ನು ಸರಿಯಾಗಿ ತಿಳಿದಿರಬೇಕು.

ಕಾರಣವೇನು?

ಮಗು ಮೊಲೆ ಚೀಪಿದಾಗ ಆ ಪ್ರಚೋದನೆ ನರಗಳ ಮೂಲಕ ತಾಯಿಯ ಮಿದುಳನ್ನು ಮುಟ್ಟುತ್ತದೆ. ಆಗ ಹಾಲು ಉತ್ಪತ್ತಿಗೆ ಬೇಕಾದ ಪ್ರೊಲ್ಯಾಕ್ಟಿನ್ ಹಾರ್ಮೋನು ಹೆಚ್ಚುತ್ತದೆ. ಅಂಡಾಣುವನ್ನು ಬಿಡುಗಡೆ ಮಾಡಿಸುವ ಹಾರ್ಮೋನುಗಳು ತಗ್ಗುತ್ತವೆ. ಮಗು ಚೀಪುವುದು ಕಡಿಮೆಯಾದಂತೆ ಈ ತಡೆಯೂ ಸಡಿಲವಾಗುತ್ತದೆ.

ಮೂರು ಷರತ್ತುಗಳು

1988ರಲ್ಲಿ ಇಟಲಿಯ ಬೆಲಾಜಿಯೊದಲ್ಲಿ ಸೇರಿದ ತಜ್ಞರ ನಿರ್ಣಯವೇ ಇಂದಿನ ಕ್ರಮಕ್ಕೆ ಬುನಾದಿ. ಕೆಳಗಿನ ಮೂರೂ ಒಟ್ಟಿಗೆ ಇದ್ದರೆ ಶೇಕಡ 98ರಷ್ಟು ರಕ್ಷಣೆ ದೊರೆಯುತ್ತದೆ.

1. ಹೆರಿಗೆಯ ನಂತರ ಮುಟ್ಟು ಮರಳಿ ಬಂದಿರಬಾರದು. (ಮೊದಲ 8 ವಾರಗಳ ಸ್ರಾವವನ್ನು ಮುಟ್ಟೆಂದು ಎಣಿಸುವುದಿಲ್ಲ.)

2. ಮಗುವಿಗೆ ಎದೆಹಾಲನ್ನಷ್ಟೇ ಕೊಡುತ್ತಿರಬೇಕು. ಹಗಲು 4 ಗಂಟೆ, ರಾತ್ರಿ 6 ಗಂಟೆಗಿಂತ ಹೆಚ್ಚಿನ ಅಂತರ ಕೂಡದು. ಹಸುವಿನ ಹಾಲು, ರಾಗಿ ಸರಿ ಸಲ್ಲದು.

3. ಮಗುವಿಗೆ 6 ತಿಂಗಳು ತುಂಬಿರಬಾರದು.

ಒಂದು ಷರತ್ತು ತಪ್ಪಿದರೂ ಈ ರಕ್ಷಣೆಯನ್ನು ನಂಬುವಂತಿಲ್ಲ. ಮೊದಲ ಮುಟ್ಟಿಗೆ ಮುಂಚೆಯೇ ಅಂಡಾಣು ಬಿಡುಗಡೆಯಾಗಬಹುದಾದ್ದರಿಂದ, 6 ತಿಂಗಳು ಕಳೆದ ಮೇಲೆ "ಇನ್ನೂ ಮುಟ್ಟಾಗಿಲ್ಲ" ಎಂದು ಧೈರ್ಯ ತಾಳುವುದು ತಪ್ಪು.

ಹೊಲದ ಕೆಲಸದ ದಿನಗಳಲ್ಲಿ

ಬೇಸಾಯದ ಮನೆಗಳಲ್ಲಿ ಸುಲಭವಾಗಿ ತಪ್ಪುವುದು ಎರಡನೆಯ ಷರತ್ತು. ಬೆಳಿಗ್ಗೆ 8ಕ್ಕೆ ನಾಟಿಗೆ ಹೋದ ತಾಯಿ ಮಧ್ಯಾಹ್ನ 2ಕ್ಕೆ ಮನೆಗೆ ಬಂದರೆ ಅಂತರ 6 ಗಂಟೆಯಾಯಿತು. ಅಷ್ಟರಲ್ಲಿ ಅಳುವ ಮಗುವಿಗೆ ಅಜ್ಜಿ ಹಸುವಿನ ಹಾಲು ಕುಡಿಸಿರುತ್ತಾಳೆ. ಹಿಂಡಿಟ್ಟ ಎದೆಹಾಲು ಮಗುವಿಗೆ ಉತ್ತಮ ಆಹಾರವೇ ಸರಿ. ಆದರೆ ಚೀಪುವ ಪ್ರಚೋದನೆ ಇಲ್ಲದ್ದರಿಂದ ಗರ್ಭತಡೆಯ ರಕ್ಷಣೆ ಕುಗ್ಗುತ್ತದೆ. ಆದ್ದರಿಂದ ಮೊದಲ 6 ತಿಂಗಳು ಬಾಣಂತಿಯನ್ನು ದೂರದ ಹೊಲಕ್ಕೆ ಕಳುಹಿಸದಿರುವುದು ಲೇಸು. ಅನಿವಾರ್ಯವಾದರೆ ಮಗುವನ್ನು ನೆರಳಿರುವ ಬದುವಿಗೆ ಕರೆತಂದು ಹಾಲೂಡಿಸಲು ಬಿಡುವು ಕೊಡಬೇಕು. ಇದು ಮನೆಯ ಗಂಡಸರ ಹೊಣೆ.

ಮುಂದಿನ ಏರ್ಪಾಡು

ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಕನಿಷ್ಠ 24 ತಿಂಗಳ ಅಂತರವಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎದೆಹಾಲಿನ ರಕ್ಷಣೆ ಹೆಚ್ಚೆಂದರೆ 6 ತಿಂಗಳು. ಉಳಿದ ಅವಧಿಗೆ ಬೇರೆ ಕ್ರಮ ಬೇಕು. ಕಾಪರ್-ಟಿಯನ್ನು ಹೆರಿಗೆಯಾದ 48 ಗಂಟೆಗಳೊಳಗೆ ಅಥವಾ 6 ವಾರಗಳ ನಂತರ ಹಾಕಿಸಬಹುದು. ಅಂತರಾ ಚುಚ್ಚುಮದ್ದನ್ನು 6 ವಾರಗಳ ನಂತರ ಪಡೆಯಬಹುದು. ಹಾಲೂಡಿಸುವ ತಾಯಂದಿರು ಛಾಯಾ ಮಾತ್ರೆಯನ್ನೂ ಬಳಸಬಹುದು. ನಿರೋಧ್ ಅಂತೂ ಯಾವಾಗಲೂ ಸರಿ. ಯಾವುದು ತಕ್ಕುದೆಂಬುದನ್ನು ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಲ್ಲಿ ಕೇಳಿರಿ.

6 ತಿಂಗಳ ನಂತರವೂ ಹಾಲು ಬಿಡಿಸಬಾರದು. ಮೇಲು ಆಹಾರದೊಡನೆ 2 ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಮುಂದುವರಿಸಬೇಕು. ಮಳೆ ಬಂದ ಮೇಲೆ ಬೀಜ ಹುಡುಕುವ ರೈತನಿಲ್ಲ. ಹಾಗೆಯೇ ಈ ಏರ್ಪಾಡನ್ನೂ 6 ತಿಂಗಳು ತುಂಬುವ ಮೊದಲೇ ಮಾಡಿಕೊಳ್ಳುವುದು ಜಾಣತನ.