ನೆಗಡಿಯ ದಿನಗಳಲ್ಲಿ ಕಂಠರಕ್ಷಣೆ

ಕಾರ್ತೀಕ ಶುದ್ಧ ದಶಮಿಯಂದು ಶ್ರೀ ವಿಜಯದಾಸರ ಆರಾಧನೆ, ಅನಂತರ ಧನುರ್ಮಾಸದ ಉಷಃಕಾಲದ ಪೂಜೆ, ಪುಷ್ಯ ಬಹುಳ ಅಮಾವಾಸ್ಯೆಯಂದು ಶ್ರೀ ಪುರಂದರದಾಸರ ಆರಾಧನೆ, ಮಾಘದಲ್ಲಿ ಮಧ್ವನವಮಿ. ಹೀಗೆ ನಮ್ಮಲ್ಲಿ ಹಾಡುವ ಕಾಲವೂ ಚಳಿಯ ಕಾಲವೂ ಜೊತೆಯಾಗಿಯೇ ಬರುತ್ತವೆ. ಜನ ಕಿಕ್ಕಿರಿದ ಮಂಟಪದಲ್ಲಿ ಒಬ್ಬರ ನೆಗಡಿ ಹತ್ತು ಮಂದಿಗೆ ಹರಡುವುದೂ ಸಹಜ. ಇಂತಹ ದಿನಗಳಲ್ಲಿ ದೇವರನಾಮ ಹಾಡುವ ಗೃಹಿಣಿಯರು, ಭಜನಾ ಮಂಡಲಿಯ ಸದಸ್ಯರು, ಪಾರಾಯಣ ಮಾಡುವ ಹಿರಿಯರು ತಮ್ಮ ಕಂಠವನ್ನು ಹೇಗೆ ಕಾಪಾಡಿಕೊಳ್ಳಬೇಕೆಂಬುದನ್ನು ಇಲ್ಲಿ ವಿಚಾರ ಮಾಡೋಣ.

ಸ್ವರ ಹುಟ್ಟುವ ಸ್ಥಾನ

ಶ್ವಾಸನಾಳದ ಮೇಲ್ತುದಿಯಲ್ಲಿ ಎರಡು ಸಣ್ಣ ಧ್ವನಿತಂತುಗಳಿವೆ. ನಾವು ಮಾತನಾಡುವಾಗ ಅವು ಒಂದನ್ನೊಂದು ಸ್ಪರ್ಶಿಸುತ್ತ ಕಂಪಿಸುತ್ತವೆ. ಸಾಧಾರಣ ಮಾತಿನಲ್ಲಿ ಪುರುಷರಿಗೆ ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಸ್ತ್ರೀಯರಿಗೆ ಸುಮಾರು 200 ಸಲ ಈ ಕಂಪನವಾಗುತ್ತದೆ. ತಾರಸ್ಥಾಯಿಗೆ ಏರಿದಂತೆ ಸಂಖ್ಯೆಯೂ ಏರುತ್ತದೆ. ತನ್ನ ಧ್ವನಿತಂತುಗಳು ಚಲಿಸುವುದನ್ನು 1854ರಲ್ಲಿ ಸಣ್ಣ ಕನ್ನಡಿಯ ಸಹಾಯದಿಂದ ಕಂಡು ವಿವರಿಸಿದ ಮಾನುಯೆಲ್ ಗಾರ್ಸಿಯಾ ವೈದ್ಯನಲ್ಲ, ಸಂಗೀತದ ಗುರು ಎಂಬುದು ಸ್ಮರಣೀಯ.

ನೆಗಡಿಯಾದಾಗ ಗಂಟಲಿನ ಒಳಪೊರೆಯಂತೆ ಈ ತಂತುಗಳೂ ಊದಿಕೊಳ್ಳಬಹುದು. ಊದಿದ ತಂತುಗಳು ಸರಿಯಾಗಿ ಕೂಡುವುದಿಲ್ಲ. ಆದ್ದರಿಂದಲೇ ದನಿ ಒಡೆಯುತ್ತದೆ. ಆಗ ಬಲವಂತದಿಂದ ಹಾಡಿದರೆ ಊದಿದ ಭಾಗಗಳು ಇನ್ನಷ್ಟು ಜೋರಾಗಿ ಬಡಿದುಕೊಳ್ಳುತ್ತವೆ. ರಕ್ತನಾಳ ಒಡೆದು ದನಿ ಥಟ್ಟನೆ ನಿಂತುಹೋಗುವುದುಂಟು. ಮತ್ತೆ ಮತ್ತೆ ಹೀಗೆ ಮಾಡಿದರೆ ತಂತುಗಳ ಮೇಲೆ ಗಂಟುಗಳು ಬೆಳೆಯುವುದೂ ಉಂಟು. ಒಂದು ಸಂಜೆಯ ಹಟಕ್ಕೆ ವರ್ಷಗಳ ಕಂಠವನ್ನು ತೆರಬೇಕಾದೀತು.

ಆಯುರ್ವೇದದಲ್ಲಿ ದನಿ ಕೆಡುವುದಕ್ಕೆ ಸ್ವರಭೇದವೆಂದು ಹೆಸರು. ಸುಶ್ರುತಸಂಹಿತೆಯ ಉತ್ತರತಂತ್ರವು ಅದಕ್ಕೆ ಹೇಳುವ ಕಾರಣಗಳಲ್ಲಿ ಅತಿ ಗಟ್ಟಿಯಾದ ಮಾತೂ ಅಧ್ಯಯನವೂ ಸೇರಿವೆ. ಓದು ಪುಣ್ಯಕರವಾದರೂ ಕಂಠಕ್ಕೆ ಅದೂ ಶ್ರಮವೇ.

ಮದ್ದು ಎಲ್ಲಿಗೆ ತಲುಪುತ್ತದೆ?

ನಾವು ನುಂಗುವಾಗ ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುತ್ತದೆ. ಆದಕಾರಣ ಕಷಾಯವಾಗಲಿ ಜೇನಾಗಲಿ ಧ್ವನಿತಂತುಗಳನ್ನು ನೇರವಾಗಿ ಮುಟ್ಟುವುದಿಲ್ಲ. ಅನ್ನನಾಳದ ಕಡೆಗೆ ಹೋಗುತ್ತದೆ. ಗಂಟಲಿನ ಉರಿ ಶಮನವಾಗುತ್ತದೆ, ಕೆಮ್ಮು ತಗ್ಗುತ್ತದೆ, ಕಫ ಸಡಿಲವಾಗುತ್ತದೆ. ಇದು ಸಣ್ಣ ಉಪಕಾರವಲ್ಲ. ಆದರೆ ಕಷಾಯ ಕುಡಿದೊಡನೆ ತಂತುಗಳ ಊತ ಇಳಿಯಿತೆಂದು ತಿಳಿದು ಹಾಡಲು ಕೂಡುವುದು ತಪ್ಪು. ತಂತುಗಳಿಗೆ ನೇರವಾಗಿ ತಲುಪುವುದು ನಾವು ಉಸಿರಾಡುವ ಹಬೆಯೊಂದೇ.

ಮನೆಯಲ್ಲಿ ಮಾಡಬಹುದಾದ ಉಪಚಾರಗಳು

1. ಹಬೆ: ಕುದಿಸಿ ಇಳಿಸಿದ ನೀರಿನ ಹಬೆಯನ್ನು ಐದರಿಂದ ಹತ್ತು ನಿಮಿಷ, ದಿನಕ್ಕೆ ಎರಡು ಸಲ ತೆಗೆದುಕೊಳ್ಳಬಹುದು. ಬರಿಯ ನೀರೇ ಸಾಕು. ಪಾತ್ರೆಯನ್ನು ಅಲುಗಾಡದ ಸ್ಥಳದಲ್ಲಿಟ್ಟು, ಮುಖವನ್ನು ದೂರದಲ್ಲಿರಿಸಿಕೊಳ್ಳಬೇಕು. ಮಕ್ಕಳನ್ನು ಹತ್ತಿರ ಬಿಡಬಾರದು. ಬಿಸಿನೀರು ಚೆಲ್ಲಿ ಸುಟ್ಟುಕೊಳ್ಳುವ ಅನಾಹುತಗಳು ಈ ಉಪಚಾರದಲ್ಲಿ ನಡೆಯುತ್ತವೆ.

2. ಉಪ್ಪುನೀರು: ಒಂದು ಲೋಟ ಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಬೇಕು. ಗಂಟಲಲ್ಲಿ ಗಳಗಳಿಸುವಾಗ ಮೆಲ್ಲಗೆ ಮಾಡಬೇಕು. ಗಟ್ಟಿಯಾಗಿ ಸದ್ದು ಮಾಡಿದರೆ ಅದೂ ಕಂಠಕ್ಕೆ ಶ್ರಮವೇ.

3. ಕಷಾಯ: ಎರಡು ಲೋಟ ನೀರಿಗೆ ಜಜ್ಜಿದ ಒಣಶುಂಠಿಯ ಚೂರು, ಐದಾರು ಕಾಳುಮೆಣಸು, ಅರ್ಧ ಚಮಚ ಜೀರಿಗೆ, ಕೆಲವು ತುಳಸಿದಳ ಹಾಕಿ ಅರ್ಧಕ್ಕೆ ಇಳಿಯುವಂತೆ ಕುದಿಸಿ, ಬೆಲ್ಲ ಸೇರಿಸಿ ಬೆಚ್ಚಗೆ ಕುಡಿಯಬಹುದು. ದ್ವಾದಶಿಯಂದು ತುಳಸಿಯನ್ನು ಕೊಯ್ಯುವಂತಿಲ್ಲ. ಆ ದಿನ ಅದಿಲ್ಲದೆಯೇ ಕಷಾಯವಾಗಲಿ. ಖಾರ ಹೆಚ್ಚಾದಷ್ಟೂ ಗುಣ ಹೆಚ್ಚೆಂಬ ಭಾವನೆ ಸರಿಯಲ್ಲ. ಅತಿಯಾದರೆ ಎದೆಯುರಿ, ಹುಳಿತೇಗು ಬರುತ್ತವೆ. ಮೇಲೇರಿದ ಆ ಹುಳಿ ಧ್ವನಿತಂತುಗಳನ್ನೇ ಕೆರಳಿಸುತ್ತದೆ.

4. ಜೇನು: ಒಂದು ಚಮಚ ಜೇನನ್ನು ನಿಧಾನವಾಗಿ ನೆಕ್ಕಿದರೆ ಕೆಮ್ಮು ತಗ್ಗುತ್ತದೆ. ಜೇನನ್ನು ಕಾಯಿಸಬಾರದೆಂಬುದು ಆಯುರ್ವೇದದ ಮತ. ಒಂದು ವರ್ಷ ತುಂಬದ ಶಿಶುವಿಗೆ ಜೇನನ್ನು ಸರ್ವಥಾ ಕೊಡಬಾರದು.

5. ಜ್ಯೇಷ್ಠಮಧು: ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಕಂಠಕ್ಕೆ ಹಿತವಾದ ಹತ್ತು ದ್ರವ್ಯಗಳ ಗಣವೊಂದಿದೆ. ಜ್ಯೇಷ್ಠಮಧು, ಹಿಪ್ಪಲಿ, ದ್ರಾಕ್ಷಿಗಳು ಅದರಲ್ಲಿ ಸೇರಿವೆ. ಜ್ಯೇಷ್ಠಮಧುವಿನ ಸಣ್ಣ ಚೂರನ್ನು ಬಾಯಲ್ಲಿಟ್ಟುಕೊಂಡರೆ ಗಂಟಲು ಹಸಿಯಾಗಿರುತ್ತದೆ. ಆದರೆ ಬಹುದಿನ ಸೇವಿಸಿದರೆ ರಕ್ತದ ಒತ್ತಡ ಏರುತ್ತದೆ. ಒತ್ತಡದ ಕಾಯಿಲೆಯುಳ್ಳವರೂ ಗರ್ಭಿಣಿಯರೂ ಇದನ್ನು ಬಿಡುವುದು ಲೇಸು.

6. ಅರಿಶಿನದ ಹಾಲು: ರಾತ್ರಿ ಬೆಚ್ಚನೆಯ ಹಾಲಿಗೆ ಚಿಟಿಕೆ ಅರಿಶಿನ ಬೆರೆಸಿ ಕುಡಿಯುವುದು ವಾಡಿಕೆ. ನವರಾತ್ರಿಯು ಕ್ಷೀರವ್ರತದ ಅವಧಿಯಲ್ಲಿ ಬರುವುದರಿಂದ ವ್ರತಸ್ಥರಿಗೆ ಆಗ ಬಿಸಿನೀರು, ಕಷಾಯಗಳೇ ಗತಿ. ಅವೂ ಸಾಕು.

ಲವಂಗದ ವಿಷಯದಲ್ಲಿ ಒಂದು ಎಚ್ಚರಿಕೆ. ಅದು ಬಾಯನ್ನು ಸ್ವಲ್ಪ ಮರಗಟ್ಟಿಸುತ್ತದೆ. ನೋವು ತಿಳಿಯದಿದ್ದರೆ ಕಂಠದ ಮಿತಿಯೂ ತಿಳಿಯದು. ಆದ್ದರಿಂದ ಲವಂಗವನ್ನು ಬಾಯಲ್ಲಿಟ್ಟುಕೊಂಡು ಹಾಡಲು ಹೋಗಬಾರದು. ಹಾಡುವವರು ನೋವಿಗೆಂದು ತಾವಾಗಿ ಆಸ್ಪಿರಿನ್ ನುಂಗುವುದೂ ಸಲ್ಲದು; ಅದು ರಕ್ತಸ್ರಾವಕ್ಕೆ ಅನುಕೂಲಿಸುತ್ತದೆ. ಸೀನು ನಿಲ್ಲಿಸುವ ಅನೇಕ ಮಾತ್ರೆಗಳು ಗಂಟಲನ್ನು ಒಣಗಿಸುತ್ತವೆ.

ನೀರು ಮತ್ತು ಏಕಾದಶಿ

ತಂತುಗಳು ತೇವವಾಗಿದ್ದರೆ ಮಾತ್ರ ಸುಲಭವಾಗಿ ಕಂಪಿಸುತ್ತವೆ. ಆ ತೇವವು ಇಡೀ ಶರೀರದಲ್ಲಿರುವ ನೀರಿನಿಂದ ಬರತಕ್ಕದ್ದು. ಹಾಡುವ ಗಳಿಗೆಯಲ್ಲಿ ಕುಡಿದ ಗುಟುಕು ಬಾಯನ್ನಷ್ಟೇ ತೋಯಿಸುತ್ತದೆ; ಹಲವು ಗಂಟೆ ಮೊದಲಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಕುಡಿಯುತ್ತ ಬರಬೇಕು. ಏಕಾದಶಿಯಂದು ನಿರ್ಜಲ ಉಪವಾಸ ಮಾಡುವವರಿಗೆ ಇದು ಶಕ್ಯವಲ್ಲ. ನೆಗಡಿಯಿದ್ದಾಗ ಅಂಥವರು ಆ ರಾತ್ರಿಯ ಜಾಗರಣೆಯಲ್ಲಿ ಹಾಡದೆ ಶ್ರವಣ ಮಾಡುವುದು ಉಚಿತ. ಶ್ರವಣವೂ ನವವಿಧ ಭಕ್ತಿಯಲ್ಲಿ ಮೊದಲನೆಯದಲ್ಲವೆ? ಜ್ವರವಿರುವವರು, ವೃದ್ಧರು, ಔಷಧ ಸೇವಿಸುವವರು ಉಪವಾಸದ ಕ್ರಮವನ್ನು ವೈದ್ಯರಲ್ಲೂ ಮನೆಯ ಹಿರಿಯರಲ್ಲೂ ಕೇಳಿ ನಿರ್ಧರಿಸಬೇಕು.

ಮೌನವೇ ಮುಖ್ಯ ಔಷಧ

ಪಾಠಶಾಲೆಯಲ್ಲಿ ನೆಗಡಿ ಬಂದ ವಿದ್ಯಾರ್ಥಿಗೆ ನಮ್ಮ ಗುರುಗಳು, “ಈ ದಿನ ಕೇಳು, ನಾಳೆ ಹೇಳು” ಎನ್ನುತ್ತಿದ್ದರು. ಅದನ್ನು ನಾವು ಕರುಣೆಯೆಂದಷ್ಟೇ ತಿಳಿದಿದ್ದೆವು. ಅದರಲ್ಲಿ ಶಾಸ್ತ್ರವೂ ಇತ್ತು. ದನಿ ಒಡೆದಾಗ ಎರಡು ಮೂರು ದಿನ ಮಾತನ್ನು ಮಿತಗೊಳಿಸಿ, ಹಾಡನ್ನು ನಿಲ್ಲಿಸುವುದಕ್ಕೆ ಸಮನಾದ ಮದ್ದಿಲ್ಲ. ಮೌನವೆಂದು ಪಿಸುಮಾತಿಗೆ ತೊಡಗಬಾರದು. ಅದರಿಂದಲೂ ಗಂಟಲು ಬಿಗಿಯುತ್ತದೆ. ಪದೇ ಪದೇ ಕ್ಯಾಕರಿಸುವುದು ತಂತುಗಳನ್ನು ಹೊಡೆದಂತೆ. ಅದರ ಬದಲು ಒಂದು ಗುಟುಕು ನೀರು ನುಂಗಬೇಕು.

ಮೂಗು ಕಟ್ಟಿದ್ದು ದನಿ ಸ್ವಚ್ಛವಾಗಿದ್ದರೆ ಅಲ್ಪವಾಗಿ ಹಾಡಬಹುದು. ಶ್ರುತಿಯನ್ನು ಅರ್ಧ ಅಥವಾ ಒಂದು ಮನೆ ಇಳಿಸಿಕೊಳ್ಳಿ. ತಾರಸ್ಥಾಯಿಯ ಚರಣಗಳನ್ನು ಮಂಡಲಿಯ ಇತರರಿಗೆ ಬಿಡಿ. ಉತ್ಸವದ ರಾತ್ರಿ ತಡವಾಗಿ ಭೋಜನವಾದರೆ ಒಡನೆ ಮಲಗಬೇಡಿ. ಹುಳಿತೇಗಿನ ತೊಂದರೆಯನ್ನು ಮೇಲೆ ಹೇಳಿದೆ.

ವೈದ್ಯರ ಬಳಿಗೆ ಯಾವಾಗ?

ಸಾಮಾನ್ಯ ನೆಗಡಿ ಏಳರಿಂದ ಹತ್ತು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಅದು ವೈರಾಣುವಿನಿಂದ ಬರುವುದರಿಂದ ಆಂಟಿಬಯೋಟಿಕ್ ಮಾತ್ರೆಗಳಿಂದ ಪ್ರಯೋಜನವಿಲ್ಲ. ಆದರೆ ಹಾಡುತ್ತಿರುವಾಗಲೇ ದನಿ ಥಟ್ಟನೆ ನಿಂತರೆ, ಕಫದಲ್ಲಿ ರಕ್ತ ಕಂಡರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ನೆಗಡಿ ಹೋದ ಮೇಲೂ ಮೂರು ನಾಲ್ಕು ವಾರ ದನಿ ಒಡೆದೇ ಇದ್ದರೆ ಕಿವಿ-ಮೂಗು-ಗಂಟಲು ತಜ್ಞರಿಂದ ಧ್ವನಿತಂತುಗಳ ಪರೀಕ್ಷೆ ಮಾಡಿಸಬೇಕು. ಆಗಲೂ ಕಷಾಯವನ್ನೇ ನಂಬಿ ಕೂಡುವುದು ವಿವೇಕವಲ್ಲ.

ಮಂಡಲಿಗಳ ಹಿರಿಯರಲ್ಲಿ ಒಂದು ವಿಜ್ಞಾಪನೆ. ದನಿ ಕೆಟ್ಟವರನ್ನು “ಒಂದೇ ಒಂದು ಹಾಡು ಹೇಳಿಬಿಡಿ” ಎಂದು ಬಲವಂತಪಡಿಸಬೇಡಿ. ಅವರ ಕೈಗೆ ತಾಳ ಕೊಡಿ, ಪಕ್ಕದಲ್ಲಿ ಕೂಡಿಸಿಕೊಳ್ಳಿ. ಬರುವ ವರ್ಷದ ಆರಾಧನೆಗೂ ಆ ಕಂಠ ನಮಗೆ ಬೇಕು.

ಶ್ರೀಕೃಷ್ಣಾರ್ಪಣಮಸ್ತು.