ಸರ್ಪಸುತ್ತು ಮಾಸಿತು, ಉರಿ ಹೋಗಲಿಲ್ಲವೇ?

ಗುಳ್ಳೆ ಒಣಗಿ, ಹೊಪ್ಪಳೆ ಉದುರಿ, ಕಲೆಯೂ ಮಾಸುತ್ತಾ ಬಂದಿರುತ್ತದೆ. ಆದರೂ ಬನಿಯನ್ ತಾಗಿದರೆ, ಫ್ಯಾನಿನ ಗಾಳಿ ಸೋಕಿದರೆ ಪಕ್ಕೆಗೆ ಕೆಂಡ ಇಟ್ಟಂತೆ ಉರಿ. ಸರ್ಪಸುತ್ತು ಬಂದು ಮೂರು ತಿಂಗಳಾದ ಮೇಲೂ ಹೀಗಿದ್ದರೆ ಅದು ನರದ ನೋವು. ಹೊರಗೆ ಏನೂ ಕಾಣುವುದಿಲ್ಲವೆಂದು ಮನೆಯವರು ಹಿರಿಯರ ಮಾತನ್ನು ತಳ್ಳಿಹಾಕಬಾರದು. ವಾಸಿಯಾಗಿರುವುದು ಚರ್ಮ ಮಾತ್ರ.

ಚಿಕ್ಕಂದಿನಲ್ಲಿ ಚಿಕನ್‌ಪಾಕ್ಸ್ ತಂದ ವೈರಸ್ಸೇ ಬೆನ್ನುಹುರಿ ಪಕ್ಕದ ನರಗಂಟುಗಳಲ್ಲಿ ದಶಕಗಟ್ಟಲೆ ಅಡಗಿದ್ದು, ರೋಗನಿರೋಧಕ ಶಕ್ತಿ ಕುಗ್ಗಿದಾಗ ನರದ ಗುಂಟ ಹೊರಬರುತ್ತದೆ. ಗುಳ್ಳೆಗಳು ಮೈಯ ಒಂದೇ ಬದಿಯಲ್ಲಿ ಪಟ್ಟಿಯಾಗಿ ಏಳುವುದು ಅದಕ್ಕೇ. ಬರುವ ದಾರಿಯಲ್ಲಿ ಅದು ನರವನ್ನು ಊದಿಸಿ ಕೆಡಿಸುತ್ತದೆ.

ಮೊದಲ ಹೆಜ್ಜೆ ಗುಳ್ಳೆ ಕಂಡ ದಿನದ್ದೇ. 72 ಗಂಟೆಯೊಳಗೆ ವೈದ್ಯರ ಬಳಿ ಹೋಗಿ ಅಸೈಕ್ಲೋವಿರ್ ಅಥವಾ ವಾಲಸೈಕ್ಲೋವಿರ್ ಶುರುಮಾಡಿದರೆ ಗುಳ್ಳೆ ಬೇಗ ಒಣಗುತ್ತದೆ, ಆರಂಭದ ನೋವೂ ತಗ್ಗುತ್ತದೆ. ನಮ್ಮಲ್ಲಿ ಈ ಮೂರು ದಿನ ಕೆಮ್ಮಣ್ಣು ಬರೆಸುವುದರಲ್ಲೇ ಕಳೆದುಹೋಗುವುದು ಬೇಸರದ ಸಂಗತಿ. ಗುಳ್ಳೆಯ ಪಟ್ಟಿ ಮೈ ಸುತ್ತಿ ಹಾವಿನ ತಲೆ, ಬಾಲ ಕೂಡಿದರೆ ಜೀವ ಹೋಗುತ್ತದೆಂಬ ಭಯಕ್ಕೆ ಆಧಾರವಿಲ್ಲ. ನಿಜವಾಗಿ ಹೆದರಬೇಕಾದದ್ದು ಹಣೆಯಲ್ಲೋ ಮೂಗಿನ ತುದಿಯಲ್ಲೋ ಗುಳ್ಳೆ ಎದ್ದರೆ: ದೃಷ್ಟಿಗೇ ಕುತ್ತು ಬರಬಹುದು, ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ.

ನೋವು ಉಳಿದುಬಿಟ್ಟರೆ ಮೆಡಿಕಲ್ ಅಂಗಡಿಯ ಮಾಮೂಲಿ ನೋವಿನ ಮಾತ್ರೆ ನುಂಗುತ್ತಾ ಕೂರಬೇಡಿ. ನರದ ನೋವಿಗೆ ಅದು ಅಷ್ಟಾಗಿ ನಾಟುವುದಿಲ್ಲ. ಉರಿ ಎಲ್ಲಿ, ಯಾವ ಹೊತ್ತಿಗೆ ಜಾಸ್ತಿ, ನಿದ್ದೆ ಎಷ್ಟು ಕೆಟ್ಟಿದೆ ಎಂದು ಒಂದು ಹಾಳೆಯಲ್ಲಿ ಬರೆದು ಒಯ್ಯಿರಿ. ವೈದ್ಯರು ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಅಥವಾ ಅಮಿಟ್ರಿಪ್ಟಿಲೀನ್ ಕೊಡಬಹುದು. ಅಮಿಟ್ರಿಪ್ಟಿಲೀನ್ ಖಿನ್ನತೆಯ ಮಾತ್ರೆಯೆಂದು ಯಾರೋ ಹೇಳಿದರೆಂದು ಬಿಡಬೇಡಿ, ನರದ ನೋವಿಗೂ ಅದನ್ನೇ ಕೊಡುತ್ತಾರೆ. ಸಣ್ಣ ಪ್ರಮಾಣದಿಂದ ಏರಿಸುತ್ತಾ ಹೋಗುವುದರಿಂದ ಗುಣ ಕಾಣಲು ವಾರಗಳೇ ಬೇಕು. ಶುರುವಿನಲ್ಲಿ ಮಂಪರು, ತಲೆಸುತ್ತು ಬರಬಹುದು. ರಾತ್ರಿ ಬಚ್ಚಲಿಗೆ ಏಳುವ ಹಿರಿಯರು ಬೀಳದಂತೆ ದೀಪ ಉರಿಯುತ್ತಿರಲಿ. ಕಿಡ್ನಿ ತೊಂದರೆಯಿದ್ದರೆ ಮೊದಲೇ ತಿಳಿಸಿ. ಹೇಳದೆ ಕೇಳದೆ ಮಾತ್ರೆ ನಿಲ್ಲಿಸಬೇಡಿ. ಮರಗಟ್ಟಿಸುವ ಲಿಡೊಕೇನ್ ಪಟ್ಟಿ ಕೊಟ್ಟರೆ ಅದನ್ನು ಹುಣ್ಣು ಪೂರ್ತಿ ಮಾಯ್ದ ಚರ್ಮಕ್ಕಷ್ಟೇ ಅಂಟಿಸಬೇಕು.

ಮನೆಯಲ್ಲಿ ಹಳೆಯ, ಮೆತ್ತನೆಯ, ಸಡಿಲ ಹತ್ತಿ ಬಟ್ಟೆ ಹಾಕಿ. ತಣ್ಣೀರಲ್ಲಿ ಹಿಂಡಿದ ಬಟ್ಟೆ ಕೆಲವರಿಗೆ ಹಿತ, ಕೆಲವರಿಗೆ ಅದೂ ಸಹಿಸದು.

50 ದಾಟಿದವರಿಗೆ ಲಸಿಕೆಯಿದೆ: ಎರಡು ಡೋಸ್, ನಡುವೆ ಎರಡರಿಂದ ಆರು ತಿಂಗಳ ಅಂತರ. ಬೆಲೆ ದುಬಾರಿ. ಈಗಿರುವ ನೋವನ್ನು ಅದು ಕಳೆಯದು, ಆದರೆ ಸರ್ಪಸುತ್ತು ಮತ್ತೆ ಬರಬಹುದಾದ್ದರಿಂದ ಒಮ್ಮೆ ಬಂದವರೂ ಗುಣವಾದ ಮೇಲೆ ಹಾಕಿಸಿಕೊಳ್ಳಬಹುದು.