ಆಶ್ರಯ ಕೇಂದ್ರದಿಂದ ಮುಧೋಳ ನಾಯಿಯನ್ನು ತರುವವರಿಗೆ

ಮುಧೋಳ ಬೇಟೆ ನಾಯಿಯನ್ನು ಬಾಗಲಕೋಟೆ ಸೀಮೆಯ ರೈತರಿಗೆ ಪರಿಚಯಿಸಬೇಕಾಗಿಲ್ಲ. ಉದ್ದ ಮೂತಿ, ಸಣ್ಣ ನಡು, ಎತ್ತರದ ಕಾಲುಗಳ ಈ ತಳಿಗೆ ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಆಶ್ರಯವಿತ್ತಿದ್ದರು. 2005ರಲ್ಲಿ ಇದರ ಚಿತ್ರವುಳ್ಳ ಅಂಚೆ ಚೀಟಿ ಹೊರಬಂದಿತು. 2016ರಲ್ಲಿ ಮುಧೋಳ ಬಳಿಯ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದ ಮರಿಗಳನ್ನು ಸೇನೆಯವರು ತರಬೇತಿಗಾಗಿ ಮೇರಠ್‌ಗೆ ಒಯ್ದರು. ಹೆಸರು ಬಂದಂತೆ ಪಟ್ಟಣಿಗರೂ ಮರಿಗಳನ್ನು ಕೊಳ್ಳತೊಡಗಿದರು. ಮರಿಯಿದ್ದಾಗ ಮುದ್ದಾಗಿ ಕಾಣುವ ಈ ನಾಯಿ ವರ್ಷ ತುಂಬುವ ಹೊತ್ತಿಗೆ ಎರಡು ಕೋಣೆಯ ಮನೆಯಲ್ಲಿ ಹಿಡಿಸುವುದಿಲ್ಲ. ಹಾಸಿಗೆ ಹರಿಯುತ್ತದೆ, ಗೇಟು ಹಾರುತ್ತದೆ. ಕೊನೆಗೆ ಪ್ರಾಣಿಗಳ ಆಶ್ರಯ ಕೇಂದ್ರ ಸೇರುತ್ತದೆ.

ಇಂತಹ ಬೆಳೆದ ನಾಯಿಯನ್ನು ತೋಟದ ಕಾವಲಿಗೆಂದು ತರಲು ಕೆಲವು ರೈತ ಬಾಂಧವರು ಆಸಕ್ತಿ ತೋರುತ್ತಿರುವುದು ಸಂತೋಷದ ವಿಷಯ. ಆದರೆ ಇದು ಪುಕ್ಕಟೆ ಸಿಗುವ ಕಾವಲುಗಾರನೆಂದು ಯಾರೂ ಭಾವಿಸಬಾರದು. ಇದು ವಾಸನೆ ಹಿಡಿದು ಹುಡುಕುವುದಕ್ಕಿಂತ ಹೆಚ್ಚಾಗಿ ಕಣ್ಣಿನಿಂದ ಕಂಡು ಅಟ್ಟುವ ನಾಯಿ. ದೂರದಲ್ಲಿ ಏನಾದರೂ ಸರಕ್ಕನೆ ಓಡಿತೆಂದರೆ ಬೆನ್ನು ಹತ್ತುತ್ತದೆ. ಆ ಕ್ಷಣದಲ್ಲಿ ಯಜಮಾನನ ಕೂಗು ಅದರ ಕಿವಿಗೆ ಬೀಳುವುದಿಲ್ಲ. ಓಡುವುದು ಮೊಲವೋ ನೆರೆಯವರ ಮೇಕೆಮರಿಯೋ ಎಂಬ ಭೇದ ಅದಕ್ಕೆ ಹುಟ್ಟಿನಿಂದ ತಿಳಿದಿರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಮೊಲದ ಬೇಟೆಯೂ ಅಪರಾಧ ಎಂಬುದು ನೆನಪಿರಲಿ.

ನಮ್ಮದೇ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ಎರಡು ವರ್ಷದ ಗಂಡು ನಾಯಿಯೊಂದನ್ನು ಪರಿಚಿತ ರೈತರೊಬ್ಬರಿಗೆ ಕೊಡಿಸಿದೆವು. ಮೂರು ದಿನ ಕಟ್ಟಿ, ಆಮೇಲೆ ಬಿಡಿರೆಂದು ಹೇಳಿದವರೂ ನಾವೇ. ನಾಲ್ಕನೆಯ ದಿನ ಬೆಳಿಗ್ಗೆ ಬಿಟ್ಟೊಡನೆ ಅದು ಪಕ್ಕದ ಹಿತ್ತಲಿಗೆ ನುಗ್ಗಿ ಏಳು ಕೋಳಿಗಳನ್ನು ಕೊಂದಿತು. ನೆರೆಯವರು ಬಡಿಗೆ ಹಿಡಿದು ಬಂದರು. ಕೋಳಿಗಳ ಬೆಲೆ ತೆತ್ತದ್ದಾಯಿತು. ನಾಯಿಯನ್ನು ಹಿಂದಕ್ಕೆ ಒಯ್ಯಲು ನಾವು ಹೋದಾಗ ರೈತರ ತಾಯಿಯವರು, "ಅದಕ್ಕ ಕೋಳಿ ಮುಟ್ಟಬ್ಯಾಡ ಅಂತ ಯಾರರ ಕಲಿಸಿದ್ರೇನ್ರಿ ಸಾಹೇಬ್ರ? ಇನ್ನೊಂದ್ ಸಲ ಬಿಟ್ರ ಅದು ಎಲ್ಲಿಗ್ ಹೋಗಬೇಕು?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ನಾಯಿ ಅಲ್ಲಿಯೇ ಉಳಿಯಿತು, ಕೆಲಸ ಮೊದಲಿನಿಂದ ಶುರುವಾಯಿತು.

ಮೊದಲ ಆರು ವಾರ

ನಾಯಿಯನ್ನು ತರುವ ಮುನ್ನವೇ ಸುಮಾರು ಆರು ಅಡಿ ಎತ್ತರದ ಬೇಲಿಯುಳ್ಳ ಒಂದು ಆವರಣ ಸಿದ್ಧವಿರಬೇಕು. ಈ ತಳಿಯ ತಲೆ ಕುತ್ತಿಗೆಗಿಂತ ಸಣ್ಣದಾದ್ದರಿಂದ ಸಾಮಾನ್ಯ ಕೊರಳಪಟ್ಟಿಯಿಂದ ಹಿಂದಕ್ಕೆ ಜಗ್ಗಿ ಸುಲಭವಾಗಿ ನುಣುಚಿಕೊಳ್ಳುತ್ತದೆ. ಎಳೆದಾಗ ತುಸುವೇ ಬಿಗಿಯಾಗುವ ಅಗಲ ಪಟ್ಟಿಯನ್ನೇ ಹಾಕತಕ್ಕದ್ದು.

ಮೊದಲ ವಾರ ನೆಂಟರಿಷ್ಟರನ್ನು ಕರೆದು ತೋರಿಸುವ ಉತ್ಸಾಹ ಬೇಡ. ಒಬ್ಬರೇ, ಒಂದೇ ಹೊತ್ತಿಗೆ ಆಹಾರ ಕೊಡಲಿ. ದಿನವಿಡೀ ಸರಪಳಿಯಲ್ಲಿ ಕಟ್ಟಿದರೆ ಸಿಡುಕು ಹೆಚ್ಚುತ್ತದೆಯೇ ಹೊರತು ಕಾವಲು ಸುಧಾರಿಸುವುದಿಲ್ಲ. ಬೆಳಿಗ್ಗೆ ಬಿಸಿಲೇರುವ ಮುನ್ನ ಮತ್ತು ಸಂಜೆ ಹಗ್ಗದಲ್ಲಿ ಹೊಲದ ಬದುಗುಂಟ ನಡೆಸಿ, ಅನಂತರ ಆವರಣದೊಳಗೆ ಮನಸಾರೆ ಓಡಲು ಬಿಡಬೇಕು. ಓಟ ಸಿಕ್ಕ ನಾಯಿ ಉಳಿದ ಹೊತ್ತು ನೆರಳಿನಲ್ಲಿ ಸುಮ್ಮನೆ ಮಲಗುತ್ತದೆ.

ಕೋಳಿ, ಕುರಿಗಳ ಪರಿಚಯವನ್ನು ದೂರದಿಂದ ಮಾಡಿಸಬೇಕು. ಹಗ್ಗ ಕೈಯಲ್ಲಿರಲಿ. ಕೋಳಿಯನ್ನು ಕಂಡು ನಾಯಿ ಮೈ ಬಿಗಿಹಿಡಿದರೆ ಇನ್ನೂ ಹಿಂದೆ ಸರಿಯಿರಿ. ಕೋಳಿಯಿಂದ ಕಣ್ಣು ತೆಗೆದು ನಿಮ್ಮತ್ತ ನೋಡಿದ ಕೂಡಲೇ ಒಂದು ಚೂರು ಬೇಯಿಸಿದ ಮೊಟ್ಟೆ ಕೊಡಿ. ದಿನಕ್ಕೆ ಹತ್ತು ನಿಮಿಷ ಸಾಕು. ದೂರವನ್ನು ದಿನದಿನಕ್ಕೆ ಕಡಿಮೆ ಮಾಡುತ್ತ ಬರಬೇಕು. ಸತ್ತ ಕೋಳಿಯನ್ನು ನಾಯಿಯ ಕೊರಳಿಗೆ ಕಟ್ಟಿ ಹೊಡೆಯುವ ಪದ್ಧತಿಯಿಂದ ನಾಯಿ ಯಜಮಾನನಿಗೆ ಹೆದರಲು ಕಲಿಯುತ್ತದೆ, ಕೋಳಿಯನ್ನು ಬಿಡಲು ಕಲಿಯುವುದಿಲ್ಲ. ಕೆಲವು ನಾಯಿಗಳು ಎಷ್ಟು ಕಲಿಸಿದರೂ ಸಣ್ಣ ಪ್ರಾಣಿಗಳ ನಡುವೆ ನಂಬಿಕೆಗೆ ಅರ್ಹವಾಗುವುದಿಲ್ಲ. ಹಿತ್ತಲಲ್ಲಿ ಕೋಳಿ ಬಿಟ್ಟು ಮೇಯಿಸುವವರು ಇದನ್ನು ತಿಳಿದೇ ಮುಂದುವರಿಯಬೇಕು. ನಾವು ಕೊಡಿಸಿದ ನಾಯಿ ಮನೆಯ ಕೋಳಿಗಳಿಗೆ ಹೊಂದಿಕೊಂಡಿತು. ಕುರಿ ಹಿಂಡು ಹಾದುಹೋಗುವಾಗ ಮಾತ್ರ ಅದನ್ನು ಒಳಗೆ ಕಟ್ಟಲೇಬೇಕಾಗುತ್ತಿತ್ತು.

ಆಹಾರ, ಆರೋಗ್ಯ

ಜೋಳ ಅಥವಾ ಗೋವಿನಜೋಳದ ನುಚ್ಚು, ಬೇಳೆ, ಹಾಲು, ಮೊಟ್ಟೆ ಈ ನಾಯಿಗೆ ಒಗ್ಗುತ್ತವೆ. ಹಿಂದಿನ ಪಕ್ಕೆಲುಬುಗಳು ತುಸು ಕಾಣುವುದು ಈ ತಳಿಯ ಸಹಜ ಲಕ್ಷಣ. ಬಡಕಲೆಂದು ತುಂಬಿ ತುಂಬಿ ಹಾಕಬಾರದು. ಓಡಿಸುವುದಕ್ಕೆ ಮುಂಚೆ ಹೊಟ್ಟೆ ತುಂಬ ತಿನ್ನಿಸಬಾರದು. ಕೊಯ್ದ ಕುರಿಯ ಹಸಿ ಶ್ವಾಸಕೋಶ, ಪಿತ್ತಜನಕಾಂಗಗಳನ್ನು ಎಸೆಯುವ ರೂಢಿಯನ್ನು ನಿಲ್ಲಿಸಲೇಬೇಕು. ಅವುಗಳಲ್ಲಿನ ನೀರುಗುಳ್ಳೆಗಳಿಂದ ನಾಯಿಯ ಕರುಳಿನಲ್ಲಿ ಲಾಡಿಹುಳು ಬೆಳೆದು, ಅದರ ಮೊಟ್ಟೆಗಳಿಂದ ಮನೆಯ ಮಕ್ಕಳಿಗೂ ರೋಗ ತಗಲುತ್ತದೆ.

ನಾಯಿ ಬಂದ ವಾರದಲ್ಲೇ ಪಶುವೈದ್ಯರಿಗೆ ತೋರಿಸಿ ಜಂತುನಾಶಕ ಕೊಡಿಸಿ. ಹುಚ್ಚುರೋಗದ ಲಸಿಕೆಯ ಚೀಟಿ ಇಲ್ಲದಿದ್ದರೆ ಹಾಕಿಲ್ಲವೆಂದೇ ತಿಳಿದು ಹಾಕಿಸಿ. ಹೊಸ ನಾಯಿ ಕಚ್ಚಿದರೆ ಗಾಯವನ್ನು ಹರಿಯುವ ನೀರು, ಸಾಬೂನಿನಿಂದ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸಂತಾನಹರಣ ಶಸ್ತ್ರಕ್ರಿಯೆ ಆಗಿರದಿದ್ದರೆ ಮಾಡಿಸುವುದು ಲೇಸು. ಮೈಯಲ್ಲಿ ಕೊಬ್ಬು ಕಡಿಮೆಯಿರುವ ಈ ಜಾತಿಯ ನಾಯಿಗಳಲ್ಲಿ ಕೆಲವು ಅರಿವಳಿಕೆ ಔಷಧಗಳ ಪರಿಣಾಮ ಬೇಗ ಇಳಿಯುವುದಿಲ್ಲವಾದ್ದರಿಂದ, ಇದು ಮುಧೋಳ ತಳಿಯೆಂದು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು.